ಡ್ರಿಲ್ ಕೈಯಲ್ಲಿದೆ ಅಂತ ತೂತು ಕೊರೆಯಬೇಕಾ?

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ ಮಾರಾಯ್ರೆ.

ಮಂಗಳೂರಿನ ಕಂಕನಾಡಿಯ ಗೆಳೆಯನ ಮನೆಗೆ ಹೋಗಿದ್ದೆ. ಅವನ ಮಾವ ಕುವೈತ್‌ನಿಂದ ಹೊತ್ತು ತಂದ ಮಾರ್ಷಲ್ ಸೂಪರ್ ಲೀಡ್ ಗಿಟಾರ್ ಆಂಪ್ಲಿಫೈಯರ್ ಬಗ್ಗೆ ಎಷ್ಟು ಸಲ ಇಲ್ಲಿ ಕೊರೆದಿದ್ದೇನೋ. 1972ರದ್ದು, 100 ವ್ಯಾಟ್, ನಾಲ್ಕು ಇಎಲ್34 ವಾಲ್ವ್ (ಸಿಗ್ನಲ್ ದೊಡ್ಡದು ಮಾಡುವ ಗಾಜಿನ ಕೊಳವೆ). ರೋಸ್ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ), ಮದುವೆ ಅಂತ ಊರೆಲ್ಲ ಮೆರೆದು, 15 ವರ್ಷದಿಂದ ಅಟ್ಟದಲ್ಲಿ ಮಲಗಿತ್ತು. "ರಿಪೇರಿ ಮಾಡಿಸಿದ್ದೇನೆ, ಬಾ" ಅಂದ.

ನೋಡಿದರೆ, ಮುಂದಿನ ಚಿನ್ನದ ಬಣ್ಣದ ಪಟ್ಟಿಯಲ್ಲಿ ಒಂದು ಹೊಸ ತೂತು! ಮಾಸ್ಟರ್ ವಾಲ್ಯೂಮ್ ಅಂತೆ, ಅಂದರೆ ಒಟ್ಟು ಶಬ್ದ ತಗ್ಗಿಸುವ ಕಂಟ್ರೋಲ್. ಪಕ್ಕದಲ್ಲಿ ಡ್ರಿಲ್ ಜಾರಿ ಗೀರಿದ ಗುರುತು. ಮೇಲೆ ಫ್ಯಾನ್ ರೆಗ್ಯುಲೇಟರಿನಿಂದ ಕಿತ್ತು ತಂದಂಥ ಬಿಳಿ ನಾಬ್.

ಆನ್ ಮಾಡಿದ. ಗುಂಯ್ ಅಂತ ಹಮ್. ಪ್ಲಗ್ ಕಿತ್ತು ಹಿಂದಿನಿಂದ ಬಗ್ಗಿ ನೋಡಿದೆ. ಕರೆಂಟಿನ ಏರಿಳಿತ ಸಮ ಮಾಡುವ 50 ವರ್ಷದ ಫಿಲ್ಟರ್ ಕಂಡೆನ್ಸರ್‌ಗಳು ಹಾಗೇ ಕೂತಿವೆ. ಒಂದರ ತಲೆ ಉಬ್ಬಿದೆ, ಬುಡದಲ್ಲಿ ಒಣಗಿದ ಬೆಲ್ಲದ ಪಾಕದಂಥ ಅಂಟು. ವಾಲ್ವಿನ ಪಿನ್ನುಗಳು ನಮ್ಮ ಉಪ್ಪು ಗಾಳಿಗೆ ಕಪ್ಪಾಗಿವೆ. ಇದಕ್ಕೆ ರಿಪೇರಿ ಅಂತ ಹೆಸರು! ಬದಲಿಸಬೇಕಾದ್ದನ್ನು ಮುಟ್ಟಲಿಲ್ಲ, ಮುಟ್ಟಬಾರದ್ದಕ್ಕೆ ತೂತು ಹೊಡೆದರು.

ಇದು ಮಿಕ್ಸಿ ಅಲ್ಲ. ಒಳಗೆ 450 ವೋಲ್ಟಿಗಿಂತ ಜಾಸ್ತಿ ಓಡುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಉಳಿದಿರುತ್ತದೆ, ಕೈ ಹಾಕಿದವನ ಕಥೆ ಮುಗಿದೀತು. ವರ್ಷಗಟ್ಟಲೆ ಸುಮ್ನೆ ಬಿದ್ದ ಕಂಡೆನ್ಸರಿಗೆ ಒಮ್ಮೆಲೇ ಅಷ್ಟು ವೋಲ್ಟ್ ಕೊಟ್ಟರೆ ಶಾರ್ಟ್ ಆಗಿ, ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಕೊಂಡು ಹೋಗಬಹುದು. ಕಡೇಪಕ್ಷ ಸೀರೀಸಿನಲ್ಲಿ ಒಂದು 100 ವ್ಯಾಟಿನ ಬಲ್ಬ್ ಹಾಕಿ ಆನ್ ಮಾಡಬೇಕಿತ್ತು. ಬಲ್ಬ್ ಆರದೆ ಜೋರಾಗಿ ಉರಿದರೆ ಒಳಗೆ ಶಾರ್ಟ್ ಉಂಟು ಅಂತ. ಹಳೇ ರೇಡಿಯೋ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿದ್ದ ವಿಷಯ.

"ಮನೆಯಲ್ಲಿ 100 ವ್ಯಾಟ್ ಬಾರಿಸಿದರೆ ಪಕ್ಕದವರು ಬಿಡ್ತಾರಾ? ಮಾಸ್ಟರ್ ಬೇಕೇ ಬೇಕು" ಅಂತ ನೀವು ಕಮೆಂಟ್ ಹಾಕುತ್ತೀರಿ, ಗೊತ್ತು. ಸರಿಯೇ. ಎರಡು ವಾಲ್ವ್ ಕಿತ್ತು 50 ವ್ಯಾಟ್ ಮಾಡಿದರೂ ಕಡಿಮೆಯಾಗುವುದು ಬರೀ 3 ಡೆಸಿಬಲ್. ಪಕ್ಕದವರಿಗೆ ಗೊತ್ತೂ ಆಗಲಿಕ್ಕಿಲ್ಲ. ಹಾಕಿ ಸ್ವಾಮಿ ಮಾಸ್ಟರ್, ಯಾರು ಬೇಡ ಅಂದರು? ಆದರೆ ಮುಂದೆ ನಾಲ್ಕು ಇನ್‌ಪುಟ್ ಜಾಕ್ ಉಂಟಲ್ವಾ? ಅದರಲ್ಲಿ ಎರಡು ಕಡಿಮೆ ಗೇನಿನವು (ಗಿಟಾರಿನ ಸಿಗ್ನಲನ್ನು ಕಡಿಮೆ ಹಿಗ್ಗಿಸುವವು), ಹೆಚ್ಚಿನವರು ಮುಟ್ಟುವುದೇ ಇಲ್ಲ. ಒಂದನ್ನು ಬಿಚ್ಚಿ ಅದೇ ತೂತಿನಲ್ಲಿ ಮಾಸ್ಟರನ್ನು ಕೂರಿಸಬಹುದಿತ್ತು. ಬೇಡವಾದ ದಿನ ಜಾಕ್ ವಾಪಸ್. ಐದು ನಿಮಿಷ ಯೋಚಿಸಿದ್ದರೆ ಹೊಳೆಯುತ್ತಿತ್ತು. ಡ್ರಿಲ್ಲಿಗೆ ಎಲ್ಲಿಯ ಯೋಚನೆ!

ಇಷ್ಟು ಕೂಗಾಡುವ ನಾನೇನು ಸಾಚಾ ಅಲ್ಲ. ಕಾಲೇಜಿನಲ್ಲಿದ್ದಾಗ ಅಜ್ಜನ ವಾಲ್ವ್ ರೇಡಿಯೋದ ಹೊಟ್ಟೆ ಬಗೆದು ಎಫ್‌ಎಂ ಕಿಟ್ ತುರುಕಿದ್ದೆ. ಬೆಂಗಳೂರಿನ ಬಿಇಎಲ್‌ನ ವಾಲ್ವ್‌ಗಳು ಚಾಸಿ ಸಮೇತ ಗುಜರಿಗೆ ಹೋದವು. ಅಜ್ಜ ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ವಾರ್ತೆಯ ಹೊತ್ತಿಗೆ ಅಭ್ಯಾಸದಂತೆ ಬಂದು ಕೂತರು, ಸ್ವಲ್ಪ ಹೊತ್ತು ನೋಡಿ ಎದ್ದು ಹೋದರು. ನಿನ್ನೆ ಆ ತೂತು ಕಂಡಾಗ ನೆನಪಾದದ್ದು ಅದೇ.

ಕಂಡೆನ್ಸರ್ ಬದಲಾಗುವವರೆಗೆ ಪ್ಲಗ್ ಮುಟ್ಟಬೇಡ ಅಂತ ಗೆಳೆಯನಿಗೆ ಹೇಳಿ ಬಂದಿದ್ದೇನೆ. ಆದಿತ್ಯವಾರ ನಾನೇ ಹೋಗುತ್ತೇನೆ. ಹಾಂ, ಮಾರ್ಷಲ್‌ನ ಹಳೇ ನಾಬ್, ಕಪ್ಪಿನ ಮೇಲೆ ಚಿನ್ನದ ಬಣ್ಣದ್ದು, ಯಾರ ಹತ್ರ ಆದರೂ ಒಂದು ಉಂಟಾ? ಆ ಬಿಳಿಯದನ್ನು ನೋಡಲಿಕ್ಕೆ ಆಗುವುದಿಲ್ಲ.