ಕೋಪ್ ಎಂಬ ಪಕ್ಷದ ಕೋಪ

ದಕ್ಷಿಣ ಆಫ್ರಿಕಾದಲ್ಲಿ ಕೋಪ್ ಅಂತೊಂದು ಪಕ್ಷವಿದೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ‘ಹೇಗೋ ನಿಭಾಯಿಸು’ ಎಂಬರ್ಥ. ಪಕ್ಷದವರು ಮಾತ್ರ ಅದನ್ನು ಕನ್ನಡದಲ್ಲೇ ಓದಿಕೊಂಡರು ಅಂತ ಕಾಣುತ್ತದೆ.

2008ರ ಸೆಪ್ಟೆಂಬರಿನಲ್ಲಿ ಆಳುವ ಪಕ್ಷ ಎಎನ್‌ಸಿ (ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್) ತನ್ನವರೇ ಆದ ರಾಷ್ಟ್ರಾಧ್ಯಕ್ಷ ಥಾಬೊ ಎಂಬೆಕಿಯನ್ನು ಕುರ್ಚಿಯಿಂದ ಇಳಿಸಿತು. ರಕ್ಷಣಾ ಸಚಿವರಾಗಿದ್ದ ಲೆಕೋಟಾ, ಗೌಟೆಂಗ್ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತೆ) ಆಗಿದ್ದ ಶಿಲೋವಾ ಮುನಿಸಿಕೊಂಡು ಹಿಸೆ ಕೇಳಿದರು. ಕೂಸು ಹುಟ್ಟುವ ಮೊದಲೇ ಪತ್ರಿಕೆಗಳು ಇಬ್ಬರ ಹೆಸರನ್ನೂ ಸೇರಿಸಿ ‘ಶಿಕೋಟಾ’ ಎಂಬ ಕುಲಾವಿ ಹೊಲಿದುಬಿಟ್ಟವು. ಕೊನೆಗೆ ಇಟ್ಟ ಹೆಸರು ‘ಕಾಂಗ್ರೆಸ್ ಆಫ್ ದ ಪೀಪಲ್’, ಚಿಕ್ಕದಾಗಿ ಕೋಪ್. ಎಎನ್‌ಸಿ ಕೋರ್ಟಿಗೆ ಓಡಿತು: ಅದು 1955ರಲ್ಲಿ ಕ್ಲಿಪ್‌ಟೌನ್‌ನಲ್ಲಿ ವರ್ಣಭೇದ ವಿರೋಧಿ ಹೋರಾಟದ ಸ್ವಾತಂತ್ರ್ಯ ಸನ್ನದು ಒಪ್ಪಿದ ಮಹಾಸಭೆಯ ಹೆಸರು, ನಮ್ಮ ಪಿತ್ರಾರ್ಜಿತ! ಕೋರ್ಟು ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಬ್ಲೂಮ್‌ಫಾಂಟೇನ್‌ನಲ್ಲಿ ನಾಮಕರಣ. 1912ರಲ್ಲಿ ಎಎನ್‌ಸಿ ಹುಟ್ಟಿದ್ದೂ ಅದೇ ಊರಲ್ಲಿ.

2009ರ ಚುನಾವಣೆಯಲ್ಲಿ 13 ಲಕ್ಷ ಮತ, 30 ಸ್ಥಾನ. ನಾಲ್ಕು ತಿಂಗಳ ಕೂಸಿಗೆ ಇದು ಸಣ್ಣ ಮಾತಲ್ಲ. ಆದರೆ ಪಕ್ಷದ ಅಧ್ಯಕ್ಷ ಯಾರು? ಲೆಕೋಟಾ ‘ನಾನು’ ಅಂದರು, ಶಿಲೋವಾ ‘ನಾನು’ ಅಂದರು. ರಾಷ್ಟ್ರಾಧ್ಯಕ್ಷ ಪದವಿಗೆ ಅಭ್ಯರ್ಥಿಯಾಗಿ ನಿಂತದ್ದು ಮೂರನೆಯವರು, ಬಿಷಪ್ ಡಂಡಾಲಾ. ದೇವರ ಮನುಷ್ಯನನ್ನು ಮುಂದೆ ನಿಲ್ಲಿಸಿದರೂ ಮನೆಯೊಂದು ಮೂರು ಬಾಗಿಲು ತಪ್ಪಲಿಲ್ಲ. 2010ರ ಡಿಸೆಂಬರಿನಲ್ಲಿ ಪ್ರಿಟೋರಿಯಾದ ಸಮಾವೇಶದಲ್ಲಿ ಕೈ ಎತ್ತಿ ಮತ ಹಾಕಬೇಕಿದ್ದವರು ಕೈ ಎತ್ತಿದ್ದೇನೋ ನಿಜ, ಬೆರಳು ಮಡಚಿಕೊಂಡು. ಎಎನ್‌ಸಿಯಲ್ಲಿ ಪ್ರಜಾಪ್ರಭುತ್ವವಿಲ್ಲ ಎಂದು ಹೊರಬಂದವರಿವರು ಎಂಬುದನ್ನು ಇಲ್ಲಿ ಮರೆಯಬಾರದು.

ಲೆಕೋಟಾ ಅವರೇ ಅಧ್ಯಕ್ಷ ಎಂದು ಕೋರ್ಟು ಹೇಳಿದ್ದು 2013ರಲ್ಲಿ. ಅಷ್ಟರಲ್ಲಿ ಮತದಾರ ತನ್ನ ತೀರ್ಪು ಬರೆದಿಟ್ಟುಕೊಂಡಿದ್ದ: 2014ರಲ್ಲಿ 30 ಹೋಗಿ 3.

2019ರಲ್ಲಿ ಉಳಿದದ್ದು ಇಬ್ಬರೇ ಸಂಸದರು: ಲೆಕೋಟಾ ಮತ್ತು ಉಪಾಧ್ಯಕ್ಷ ವಿಲ್ಲಿ ಮಡೀಷಾ. ಇಬ್ಬರಿದ್ದರೆ ಬಣ ಎಷ್ಟು? ಎರಡು! 2022ರಲ್ಲಿ ಮಡೀಷಾ ಬಣ ಲೆಕೋಟಾ ಅಮಾನತಾಗಿದ್ದಾರೆ ಎಂದು ಸಾರಿತು. ಲೆಕೋಟಾ ಬಣ ಅದೆಲ್ಲ ನಡೆಯದು ಅಂದಿತು. ಪತ್ರಿಕಾಗೋಷ್ಠಿಯಲ್ಲೂ ನೂಕಾಟ ತಳ್ಳಾಟ. ಪತ್ರಕರ್ತರು ಮೈಕು ಕಾಪಾಡಿಕೊಳ್ಳಬೇಕೋ ಪ್ರಶ್ನೆ ಕೇಳಬೇಕೋ?

2024ರ ಫಲಿತಾಂಶ: ಸೊನ್ನೆ. ಪಕ್ಷದ ಚರಿತ್ರೆಯಲ್ಲಿ ಮೊದಲ ಬಾರಿಗೆ ಸಂಸದೀಯ ತಂಡದಲ್ಲಿ ಒಂದೇ ಒಂದು ಭಿನ್ನಮತವಿಲ್ಲ.