ಅವನ ಹೆಸರು ಕಿಞ್ಞಣ್ಣ

ನಿನ್ನೆ ಮಧ್ಯಾಹ್ನದಿಂದ ಮನಸ್ಸು ಕುದಿಯುತ್ತಿದೆ. ರಾತ್ರಿ ಊಟವೂ ಸೇರಲಿಲ್ಲ. ಬರೆದು ಮುಗಿಸಿದರೆ ಸ್ವಲ್ಪ ಇಳಿಯಬಹುದು ಎಂದು ಕುಳಿತಿದ್ದೇನೆ.

ಕೇರಳಕ್ಕೆ ಸೇರಿಹೋದ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ ಒಂದು ಕಡೆ ಮಕ್ಕಳಿಗೆ ಕನ್ನಡ ಕಂಠಪಾಠ ಸ್ಪರ್ಧೆ ಇತ್ತು. ನಿವೃತ್ತಿಯಾದ ಮೇಲೂ ಇಂಥದ್ದಕ್ಕೆ ಕರೆದರೆ ನಾನು ಇಲ್ಲ ಅನ್ನುವುದಿಲ್ಲ, ನಿಮಗೆ ಗೊತ್ತೇ ಇದೆ. ನಮ್ಮ ಬಯಲಿನಾಚೆ ಮನೆಯ ಹುಡುಗನೂ ಬಂದಿದ್ದ. ನಾಲ್ಕನೇ ಕ್ಲಾಸು. ಹೆಸರು ಕಿಞ್ಞಣ್ಣ, ಅವನ ಮುತ್ತಜ್ಜನದ್ದು. ಮೈಕ್ ಹಿಡಿದವರು ಘಟ್ಟದ ಮೇಲಿನಿಂದ ಬಂದ ಅತಿಥಿ. ಕೈಯಲ್ಲಿದ್ದ ಪಟ್ಟಿ ಇಂಗ್ಲಿಷಿನದ್ದು. “ಕಿನ್... ಹನ್ನಾ? ಹುಡುಗೀನಾ?” ಎಂದರು. ಮಕ್ಕಳೆಲ್ಲ ನಕ್ಕರು. ಹಿಂದೆ ನಿಂತಿದ್ದ ದೊಡ್ಡವರೂ ನಕ್ಕರು. ಹುಡುಗ ಎದ್ದು ಬಂದು ಮೈಕಿನ ಮುಂದೆ ನಿಂತು “ಕಿಞ್ಞಣ್ಣ” ಎಂದ. ಪದ್ಯ ಸುರು ಮಾಡಿದ. ಒಂದು ಸಾಲೂ ತಪ್ಪಲಿಲ್ಲ. ಎರಡನೇ ಬಹುಮಾನ ಬಂತು. ಪ್ರಮಾಣಪತ್ರ ಕನ್ನಡದ್ದೇ, ಅದರಲ್ಲಿ ಅಚ್ಚಾದ ಹೆಸರು “ಕಿನ್ಹಣ್ಣ”.

ಅಷ್ಟಕ್ಕೇ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಚಹಾ ಕುಡಿಯುವಾಗ ಆ ಅತಿಥಿ ಹುಡುಗನ ತಾಯಿಯನ್ನು ಕರೆದು ಹೇಳಿದರು: “ಅಮ್ಮಾ, ಈಗಲೇ ಕಿಶನ್ ಅಂತಲೋ ಏನೋ ಬದಲಾಯಿಸಿಬಿಡಿ. ನಾಳೆ ಈ ಹೆಸರು ಇಟ್ಕೊಂಡು ಬೆಂಗಳೂರಿಗೆ ಬಂದ್ರೆ ಹುಡುಗನಿಗೇ ಕಷ್ಟ.” ಆಕೆ ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳುತ್ತೇನೆ ಎಂದು ಕಾದಳು. ನಾನು ಹೇಳಲಿಲ್ಲ. ಸಿಟ್ಟು ಅವರ ಮೇಲಿರುವುದಕ್ಕಿಂತ ನನ್ನ ಮೇಲೇ ಹೆಚ್ಚು. ನನ್ನ ಅಪ್ಪನ ಹೆಸರೂ ಕಿಞ್ಞಣ್ಣ. ಆ ಕಿಞ್ಞಣ್ಣನ ಮಗಳಾಗಿ ಹುಟ್ಟಿ, ಮೂವತ್ತು ವರ್ಷ ಮಕ್ಕಳಿಗೆ ಅ ಆ ಇ ಈ ಕಲಿಸಿ, ಆ ಒಂದು ನಿಮಿಷದಲ್ಲಿ ಬಾಯಿ ಕಟ್ಟಿಹೋಯಿತು.

ಅಲ್ಲಿ ಹೇಳಬೇಕಾಗಿದ್ದದ್ದನ್ನು ಇಲ್ಲಿ ಹೇಳುತ್ತೇನೆ.

ತುಳುವಿನಲ್ಲಿ ಕಿಞ್ಞ, ಕಿನ್ನಿ ಎಂದರೆ ಚಿಕ್ಕದು. ಕಿಞ್ಞಣ್ಣ ಎಂದರೆ ಚಿಕ್ಕಣ್ಣ. ಮನೆಯಲ್ಲಿ ದೊಡ್ಡಣ್ಣ ಒಬ್ಬನಿದ್ದರೆ ಅವನ ಬೆನ್ನಿಗೆ ಹುಟ್ಟಿದವನು ತಮ್ಮ ತಂಗಿಯರ ಬಾಯಲ್ಲಿ ಕಿಞ್ಞಣ್ಣನಾಗುತ್ತಾನೆ. ನಮ್ಮ ಅಪ್ಪನಿಗೆ ಆ ಹೆಸರು ಬಂದದ್ದೂ ಹಾಗೆಯೇ. ಕುಂಬಳೆ ಸೀಮೆಯ ಹವ್ಯಕರ ಮನೆಗಳಲ್ಲಿ ಚಿಕ್ಕ ಮಕ್ಕಳಿಗೆ ಕುಞ್ಞಿ ಎನ್ನುತ್ತಾರೆ. ಮಲಯಾಳದಲ್ಲಿ ಕುಞ್ಞು, ತಮಿಳಿನಲ್ಲಿ ಕುಂಜು. ಕೇಳಲು ಎಲ್ಲ ಒಂದೇ ಬಳ್ಳಿಯ ಚಿಗುರುಗಳಂತಿವೆ. ಬಯಲುಸೀಮೆಯಲ್ಲಿ ಪುಟ್ಟಣ್ಣ, ಚಿಕ್ಕಣ್ಣ, ಸಣ್ಣಪ್ಪ ಎಂದರೆ ಯಾರೂ ನಗುವುದಿಲ್ಲ. ಅದೇ ಪ್ರೀತಿ, ಅದೇ ಅರ್ಥ ನಮ್ಮ ಕಡೆಯ ನಾಲಗೆಯಲ್ಲಿ ಬಂದಾಗ ನಗು ಯಾಕೆ?

ಅಕ್ಷರದಿಂದ. ಞ ಎಂಬ ಅಕ್ಷರದಿಂದ. ಇದರ ಬಗ್ಗೆ ನನಗೆ ಎಷ್ಟು ಹೇಳಿದರೂ ಮುಗಿಯುವುದಿಲ್ಲ.

ಚ ಛ ಜ ಝ ಞ ಎಂದು ಎಲ್ಲರೂ ರಾಗವಾಗಿ ಹೇಳಿಯೇ ಬೆಳೆದವರು. ಆದರೆ ಗೋಡೆಗೆ ಹಾಕುವ ಅಕ್ಷರಮಾಲೆಯ ಪಟ ನೋಡಿ. ಚಕ್ಕೆ ಚಮಚ ಇರುತ್ತದೆ, ಜಕ್ಕೆ ಜಡೆ ಇರುತ್ತದೆ, ಞದ ಚೌಕ ಸಾಮಾನ್ಯವಾಗಿ ಖಾಲಿ. ನನ್ನ ಕ್ಲಾಸಿನಲ್ಲಿ ಆ ಚೌಕ ಖಾಲಿ ಬಿಟ್ಟವಳಲ್ಲ ನಾನು. ಅಲ್ಲಿ ಅಪ್ಪನ ಫೋಟೋ ಅಂಟಿಸಿದ್ದೆ. ಒಂದನೇ ಕ್ಲಾಸಿನ ಮಕ್ಕಳು ಬೆರಳಿಟ್ಟು “ಞ, ಕಿಞ್ಞಣ್ಣಜ್ಜ” ಎಂದು ಓದುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಈ ಅಕ್ಷರ ದಿನಬೆಳಗಾದರೆ ಬೇಕು. ಕಾಞಂಗಾಡಿಗೆ ಬಸ್ಸು ಹತ್ತಿದರೆ ಬೇಕು. ಕುಞ್ಞಂಬು, ಕುಞ್ಞಿರಾಮ, ಮೊಯ್ದೀನ್ ಕುಞ್ಞಿ ಎಂದು ಯಾರನ್ನು ಕರೆದರೂ ಬೇಕು.

ಉಚ್ಚಾರ ಬರುವುದಿಲ್ಲ ಎನ್ನುವವರಿಗೆ ಒಂದು ಮಾತು. ನಿಮಗೆ ಬರುತ್ತದೆ. ಮಂಜು ಅನ್ನಿ, ಪಂಚೆ ಅನ್ನಿ, ಇಂಚು ಅನ್ನಿ. ಜ, ಚ ಬರುವ ಮೊದಲು ಮೂಗಿನಲ್ಲಿ ಹೊರಡುವ ಧ್ವನಿ ಇದೆಯಲ್ಲ, ಅದೇ ಞ. ಸೊನ್ನೆ ಹಾಕಿ ಬರೆಯುತ್ತೇವೆ ಎಂಬುದು ಬಿಟ್ಟರೆ ಬಾಯಿಯಲ್ಲಿ ಅದು ಞವೇ. ನಾಲಗೆಯನ್ನು ಅಲ್ಲೇ ಒಂದು ಕ್ಷಣ ನಿಲ್ಲಿಸಿ ಬಿಡಿ, ಕಿಞ್ಞಣ್ಣ ಬಂದಾಯಿತು. ಜ್ಞಾನ, ವಿಜ್ಞಾನ, ಯಜ್ಞ, ಆಜ್ಞೆ, ಈ ಎಲ್ಲದರಲ್ಲಿ ಜ ಅಕ್ಷರದ ಕೆಳಗೆ ಒತ್ತಾಗಿ ಕುಳಿತಿರುವುದೂ ಇದೇ. ಕಂಪ್ಯೂಟರು, ಮೊಬೈಲುಗಳಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಞಕ್ಕೆ ಅದರಲ್ಲಿ ಜಾಗ ಸಿಕ್ಕಿತ್ತು. ಈ ಬರಹವನ್ನು ನಾನು ಮೊಬೈಲಿನಲ್ಲೇ ಟೈಪ್ ಮಾಡುತ್ತಿದ್ದೇನೆ. ಅಕ್ಷರ ಸಿಗಲಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇಂಗ್ಲಿಷಿನಲ್ಲಿ ಈ ಧ್ವನಿಗೆ ನಮ್ಮ ಕಡೆ ಎನ್ ಮತ್ತು ಎಚ್ ಸೇರಿಸಿ ಬರೆಯುವುದು ರೂಢಿ. ಪೋರ್ಚುಗೀಸರ ಬರವಣಿಗೆಯಲ್ಲೂ ಈ ಧ್ವನಿಗೆ ಆ ಎರಡೇ ಅಕ್ಷರ. ಅದನ್ನು ಓದಿ ಅತಿಥಿ ‘ಹನ್ನಾ’ ಅಂದದ್ದನ್ನು ಕ್ಷಮಿಸಬಹುದು. ಇಂಗ್ಲಿಷ್ ಪಟ್ಟಿಯಿಂದ ಆದ ತಪ್ಪು. ಆದರೆ ಹುಡುಗ ತಾನೇ ಮೈಕಿನಲ್ಲಿ ಹೇಳಿದ ಮೇಲೂ, ಕನ್ನಡದ ಪ್ರಮಾಣಪತ್ರದಲ್ಲಿ, ಕನ್ನಡದವರೇ, ಕನ್ನಡದ ಅಕ್ಷರ ಬಿಟ್ಟು ‘ಕಿನ್ಹಣ್ಣ’ ಬರೆದದ್ದನ್ನು ಹೇಗೆ ಕ್ಷಮಿಸಲಿ ಮಾರಾಯ್ರೇ? ಅವನ ಜನನ ಪ್ರಮಾಣಪತ್ರವನ್ನು ತಾಯಿ ತೋರಿಸಿದಳು. ಮಲಯಾಳದಲ್ಲಿ ಹೆಸರು ಸರಿಯಾಗಿದೆ, ಒಂದು ಅಕ್ಷರವೂ ಆಚೀಚೆ ಆಗಿಲ್ಲ. ಮಲಯಾಳ ನಮ್ಮ ಮೇಲೆ ಹೇರಿಕೆಯಾಗುತ್ತಿದೆ ಎಂದು ಬೀದಿಗಿಳಿದು ಕೂಗಿದವಳು ನಾನು. ಈಗಲೂ ಕೂಗುತ್ತೇನೆ. ಆದರೆ ಆ ಕಾಗದ ಕೈಯಲ್ಲಿ ಹಿಡಿದಾಗ ನನಗೆ ಅಳು ಬಂತು.

ಮೊನ್ನೆ ಒಬ್ಬರು ಫೋನಿನಲ್ಲಿ, “ಟೀಚರ್, ಕಿಞ್ಞಣ್ಣ ಅಂದರೆ ಮಲಯಾಳದ ಹೆಸರಲ್ಲವಾ, ಕನ್ನಡದ ಮಕ್ಕಳಿಗೆ ಕನ್ನಡದ ಹೆಸರು ಇಡುವ” ಎಂದಿದ್ದರು. ನಾನು ಅವರಿಗೆ ಹೇಳಿದ್ದು ಒಂದೇ ಹೆಸರು: ಕಯ್ಯಾರ ಕಿಞ್ಞಣ್ಣ ರೈ. 1915ರಲ್ಲಿ ಹುಟ್ಟಿ, 2015ರ ಆಗಸ್ಟಿನಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡ ಕವಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಎದೆ ಬಡಿದುಕೊಂಡು ಬರೆದವರು, ಕೊನೆಯವರೆಗೂ ಕರ್ನಾಟಕಕ್ಕೆ ಸೇರಬೇಕು ಎಂದೇ ಹೋರಾಡಿದವರು. 1997ರಲ್ಲಿ ಮಂಗಳೂರಿನ 66ನೇ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು. ಅವರ ಹೆಸರು ಕನ್ನಡದ್ದಲ್ಲದಿದ್ದರೆ ಮತ್ತೆ ಯಾರದ್ದು ಕನ್ನಡದ ಹೆಸರು? ಇದೇ ಜಿಲ್ಲೆಯ ಕಾಞಂಗಾಡಿನ ಬಳಿ ಬೆಳ್ಳಿಕೋತ್‌ನಲ್ಲಿ 1905ರಲ್ಲಿ ಹುಟ್ಟಿದ ಮಲಯಾಳದ ಮಹಾಕವಿ ಪಿ. ಕುಞ್ಞಿರಾಮನ್ ನಾಯರ್. ಚಂದ್ರಗಿರಿ ಹೊಳೆಯ ಈಚೆಗೊಬ್ಬ ಕವಿ, ಆಚೆಗೊಬ್ಬ ಕವಿ, ಎರಡು ಭಾಷೆ, ಇಬ್ಬರ ಹೆಸರಲ್ಲೂ ಅದೇ ಞ್ಞ. ಮಲಯಾಳದವರ ನಡುವೆ ಕುಞ್ಞಿರಾಮ ಎಂದರೆ ಯಾರೂ ನಗುವುದಿಲ್ಲ.

ಈಗ ಒಂದು ಹಳೆಯ ಸಂಗತಿ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. 1988ರಲ್ಲಿ ನನ್ನ ಮದುವೆ. ಕಾಗದ ಅಚ್ಚಿಗೆ ಕೊಟ್ಟಾಗ ಪ್ರೆಸ್ಸಿನವರು ಞದ ಮೊಳೆ ಇಲ್ಲ ಎಂದು ಅಪ್ಪನ ಹೆಸರನ್ನು ‘ಕಿನ್ಯಣ್ಣ’ ಎಂದು ಜೋಡಿಸಿದರು. ಪ್ರೂಫ್ ನೋಡಿದ್ದು ನಾನೇ. ಗಂಡಿನ ಕಡೆಯವರು ಮೈಸೂರಿನವರು, ಅವರಿಗೆ ಓದಲು ಸುಲಭವಾಯಿತು ಎಂದು ಒಳಗೊಳಗೇ ಸಮಾಧಾನವೂ ಆಗಿತ್ತು. ಅಪ್ಪ ಕಟ್ಟು ಬಿಚ್ಚಿ ನೋಡಿದರು. ಏನೂ ಹೇಳಲಿಲ್ಲ. ರಾತ್ರಿ ಚಾವಡಿಯಲ್ಲಿ ಕುಳಿತು, ತಾವು ಕೈಯಾರೆ ಹಂಚಬೇಕಿದ್ದ ನಲವತ್ತು ಕಾಗದಗಳಲ್ಲಿ ನೀಲಿ ಪೆನ್ನಿನಿಂದ ಒಂದೊಂದಾಗಿ ತಿದ್ದಿದರು. ನಾನು ಬಾಗಿಲ ಸಂದಿನಿಂದ ನೋಡಿ ಒಳಗೆ ಹೋಗಿ ಮಲಗಿದೆ.

ನಾನು ಶಾಲೆಗೆ ಹೋಗುವಾಗ ಪ್ರತಿ ಬಯಲಿಗೊಬ್ಬ ಕಿಞ್ಞಣ್ಣ ಇದ್ದ. ಈಗ ನಮ್ಮ ವಾರ್ಡಿನಲ್ಲಿ ನನಗೆ ಗೊತ್ತಿರುವವರು ಇಬ್ಬರು ಮುದುಕರು ಮತ್ತು ಈ ಹುಡುಗ. ವಿಹಾನ್, ಆದ್ವಿಕ್ ಎಂದು ಇಡುವವರ ಮೇಲೆ ನನಗೆ ಮುನಿಸಿಲ್ಲ, ಅವರೂ ಪ್ರೀತಿಯಿಂದಲೇ ಇಡುತ್ತಾರೆ. ಆದರೆ ಈ ತಾಯಿ ಹದಿನೈದು ದಿನ ಮನೆಯವರೊಡನೆ ವಾದ ಮಾಡಿ, ಗಂಡನ ಅಜ್ಜನ ಹೆಸರೇ ಆಗಬೇಕು ಎಂದು ಹಟ ಹಿಡಿದು ಇಟ್ಟಳು. ಮಗು ಬೆಳೆದು ದೊಡ್ಡದಾದ ಮೇಲೂ ಕರೆಯುವಾಗ ಬಾಯಲ್ಲಿ ‘ಚಿಕ್ಕದು’ ಎಂದು ಬರಲಿ ಎಂಬುದು ಆಕೆಯ ಆಸೆ. ಆಕೆಗೆ ಕಿಶನ್ ಬೇಕಾಗಿಲ್ಲ.

ಬಹುಮಾನದ ಪ್ರಮಾಣಪತ್ರವನ್ನು ಕೇಳಿ ತಂದಿದ್ದೇನೆ. ಮೇಜಿನ ಮೇಲಿದೆ. ಬೆಳಿಗ್ಗೆ ನೀಲಿ ಪೆನ್ನು ತೆಗೆದುಕೊಂಡು ಕುಳಿತೆ, ಮುಚ್ಚಳ ತೆಗೆದು ಮತ್ತೆ ಹಾಕಿದೆ. ಸೋಮವಾರ ಹತ್ತು ಗಂಟೆಗೆ ಸ್ಪರ್ಧೆ ನಡೆಸಿದವರಲ್ಲಿಗೆ ಹೋಗುತ್ತೇನೆ. ಹುಡುಗನನ್ನೂ ಅವನ ತಾಯಿಯನ್ನೂ ಕರೆದುಕೊಂಡು ಹೋಗುತ್ತೇನೆ. ಹೊಸ ಹಾಳೆಯಲ್ಲಿ, ಞ ಹಾಕಿ, ಅಚ್ಚು ಮಾಡಿಸಿ ಕೊಡುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ.