ಲಿವರ್‌ಗೆ ಹಬ್ಬಿತು ಅಂದ ಕೂಡಲೇ ಕೈಚೆಲ್ಲಬೇಡಿ

ನಮ್ಮ ವಿಜಯಪುರದ ಕಡೆ ಕ್ಯಾನ್ಸರ್ "ಲಿವರಿಗೂ ಹಬ್ಬೇತಂತ" ಅಂದರೆ ಸಾಕು, ಪೇಷಂಟ್‌ನ ಮನೆಗೆ ಕರ್ಕೊಂಡು ಹೋಗುವ ಮಾತು ಶುರುವಾಗುತ್ತದೆ. ಬೇರೆ ಕ್ಯಾನ್ಸರ್‌ಗಳ ಮಾತು ಬೇರೆ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಈ ಅವಸರ ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ನಾನು ಲ್ಯಾಬಿನಲ್ಲಿ ಬಯಾಪ್ಸಿ ಸ್ಲೈಡ್ ಮಾಡುವವನು. ಲಿವರ್‌ನಲ್ಲಿ ಗಡ್ಡೆ ಮುಗಿದು ಒಳ್ಳೆಯ ಭಾಗ ಶುರುವಾಗುವ ಅಂಚನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕೆಲವರಲ್ಲಿ ಕ್ಯಾನ್ಸರ್ ಕೋಶಗಳು ಲಿವರ್ ಕೋಶಗಳ ಸಾಲಿಗೇ ನುಗ್ಗಿ ಅವುಗಳ ಜಾಗ ಹಿಡಿದಿರುತ್ತವೆ. ಅಲ್ಲಲ್ಲಿ ಒಂದೊಂದು ಲಿವರ್ ಕೋಶ ಸತ್ತಿರುತ್ತದೆ: ಮುದುಡಿ, ಗಾಢ ಗುಲಾಬಿ ಬಣ್ಣಕ್ಕೆ ತಿರುಗಿ, ನಡುವಿನ ನ್ಯೂಕ್ಲಿಯಸ್ ಒಡೆದು ಕಪ್ಪು ಚುಕ್ಕೆಗಳಾಗಿ. ಇನ್ನು ಕೆಲವರಲ್ಲಿ ಗಡ್ಡೆಯ ಸುತ್ತ ನಾರಿನ ದಪ್ಪ ಪಟ್ಟಿ ಬೆಳೆದು ಎರಡನ್ನೂ ಬೇರೆ ಮಾಡಿರುತ್ತದೆ. ಹೀಗೆ ಪಟ್ಟಿ ಬೆಳೆದವರು ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ ಜಾಸ್ತಿ ವರ್ಷ ಬದುಕುತ್ತಾರೆ. ರೋಗದ ಹೆಸರು ಒಂದೇ ಆದರೂ ಎಲ್ಲರ ಕಥೆ ಒಂದೇ ಅಲ್ಲ, ಅಲ್ವಾ?

ಕರುಳಿನ ರಕ್ತ ಬಹುಪಾಲು ಪೋರ್ಟಲ್ ರಕ್ತನಾಳದಿಂದ ಮೊದಲು ಲಿವರ್‌ಗೇ ಬರುತ್ತದೆ. ಕ್ಯಾನ್ಸರ್ ಕೋಶಗಳಿಗೂ ಅದೇ ದಾರಿ. 1960ರ ದಶಕದಲ್ಲಿ ಜಾನ್ ಕೆರ್ ಎಂಬ ವೈದ್ಯರು ಇಲಿಗಳಲ್ಲಿ ಇದೇ ರಕ್ತನಾಳದ ಕವಲುಗಳನ್ನು ಕಟ್ಟಿ ನೋಡಿದ್ದರು. ಲಿವರ್ ಕೋಶಗಳು ಉರಿಯೂತ ಎಬ್ಬಿಸದೆ, ನಾನು ಮೇಲೆ ಹೇಳಿದ ಹಾಗೆ ಮುದುಡಿ ತುಂಡಾಗಿ ಸಾಯುವುದು ಅವರ ಕಣ್ಣಿಗೆ ಬಿತ್ತು. 1972ರಲ್ಲಿ ವೈಲಿ ಮತ್ತು ಕರೀ ಎಂಬ ಇಬ್ಬರು ವಿಜ್ಞಾನಿಗಳ ಜೊತೆ ಸೇರಿ ಅದಕ್ಕೆ ಅಪೊಪ್ಟೋಸಿಸ್ ಅಂತ ಹೆಸರಿಟ್ಟರು.

ಇಷ್ಟು ಕೋಶ ಸತ್ತರೂ ಲಿವರ್‌ನಷ್ಟು ಮತ್ತೆ ಬೆಳೆಯುವ ಅಂಗ ನಮ್ಮ ಮೈಯಲ್ಲಿ ಇನ್ನೊಂದಿಲ್ಲ. ಉಳಿದ ಭಾಗ ಚೆನ್ನಾಗಿದ್ದರೆ ಅರ್ಧಕ್ಕಿಂತ ಜಾಸ್ತಿ ತೆಗೆದರೂ ತಿಂಗಳುಗಳಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೇ ಲಿವರ್‌ಗೆ ಹಬ್ಬಿದ ಗಡ್ಡೆಯನ್ನೂ ಕತ್ತರಿಸಿ ತೆಗೆಯುತ್ತಾರೆ, ಕೆಲವರು ಪೂರ್ತಿ ಗುಣವಾಗುತ್ತಾರೆ. ಎಲ್ಲರಿಗೂ ಆಗಲ್ಲ, ನಿಜ. ಗಡ್ಡೆ ಎಷ್ಟಿವೆ, ಎಲ್ಲಿವೆ, ತೆಗೆದ ಮೇಲೆ ಎಷ್ಟು ಲಿವರ್ ಉಳಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಮೊದಲು ಕೀಮೋ ಕೊಟ್ಟು ಗಡ್ಡೆ ಸಣ್ಣದಾದ ಮೇಲೆ ಆಪರೇಷನ್ ಮಾಡುವುದೂ ಉಂಟು.

ಈ ಲೆಕ್ಕ ಹಾಕಬೇಕಾದವರು ಲಿವರ್ ಸರ್ಜನ್. ಕಟ್ಟೆ ಮೇಲೆ ಕೂತ ಕಾಕಾ, ಮಾಮಾ ಅಲ್ಲ. ಬೆಳಗಾವಿಗೋ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವಾಗ ಬರೀ ರಿಪೋರ್ಟ್ ಹಾಳೆ ಹಿಡ್ಕೊಂಡು ಹೋಗಬೇಡಿ. ಸಿಟಿ ಸ್ಕ್ಯಾನಿನ ಸಿಡಿ ಇರಲಿ. ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ಸ್ಲೈಡು ಮತ್ತು ಮೇಣದ ಬ್ಲಾಕ್ (ಬಯಾಪ್ಸಿಯ ತುಣುಕು ಕೂರಿಸಿಟ್ಟ ಮೇಣದ ತುಂಡು) ಕೇಳಿ ತಗೊಳ್ಳಿ.